ಗ್ರಾಮಸ್ತುತಿಯೂ ಗ್ರಾಮವಾಸವೂ

ನಗರಗಳಲ್ಲಿ ನೆಲೆಸಿರುವ ಸುಶಿಕ್ಷಿತ ಕುಟುಂಬಗಳಲ್ಲಿ ಹಳ್ಳಿಯ ಹೊಗಳಿಕೆಯು ಈಚೆಗೆ ಒಂದು ನಿತ್ಯಕರ್ಮದಂತಾಗಿದೆ. ಮದುವೆಯ ಮನೆಯಲ್ಲಾಗಲಿ, ಷಷ್ಟ್ಯಬ್ದಪೂರ್ತಿಯ ಪಂಕ್ತಿಯಲ್ಲಾಗಲಿ ನಾಲ್ವರು ನಿವೃತ್ತರು ಕೂಡಿದರೆಂದರೆ, ಬೆಂಗಳೂರಿನ ಹೊಗೆ, ಅಲ್ಲಿಯ ವಾಹನಗಳ ಸಂದಣಿ, ನೀರಿನ ಟ್ಯಾಂಕರಿಗೆ ತೆರುವ ಹಣ ಇವುಗಳ ನಿಂದೆಯಿಂದ ಮಾತು ಮೊದಲಾಗುತ್ತದೆ. ಹಳ್ಳಿಯ ಗಾಳಿ, ಹಳ್ಳಿಯ ಹಾಲು, ಹಳ್ಳಿಯ ನಿದ್ದೆ ಇವುಗಳ ಸ್ತುತಿಯಲ್ಲಿ ಮುಗಿಯುತ್ತದೆ. ಮಾತು ಮುಗಿದ ಮೇಲೆ ನಾಲ್ವರೂ ತಮ್ಮ ತಮ್ಮ ಬಡಾವಣೆಗಳಿಗೆ ಹಿಂದಿರುಗುತ್ತಾರೆ. ಸ್ತುತಿಗೂ ವಾಸಕ್ಕೂ ನಡುವೆ ಇರುವ ಈ ಅಂತರವನ್ನು ವಿಚಾರಮಾಡುವುದು ಆವಶ್ಯಕವಾಗಿದೆ. ಬರಿಯ ಸ್ತುತಿಯಿಂದ ಹಳ್ಳಿಗೆ ಒಳ್ಳೆಯದಾಗಲಿಲ್ಲವೆಂಬುದು ಮಾತ್ರವಲ್ಲ, ಕೇಡೂ ಆಗುತ್ತಲಿದೆ.

ಈ ವಿಷಯದಲ್ಲಿ ವಿದ್ವಾಂಸರ ಪಕ್ಷಪಾತವನ್ನು ಮೊದಲು ಒಪ್ಪಿಕೊಳ್ಳಬೇಕು. ಸಂಸ್ಕೃತದ ಆಲಂಕಾರಿಕರು ‘ಗ್ರಾಮ್ಯ’ವೆಂಬುದನ್ನು ಕಾವ್ಯದೋಷಗಳ ಪಟ್ಟಿಯಲ್ಲಿಟ್ಟರು. ವಾಮನ ಮಮ್ಮಟರ ಗ್ರಂಥಗಳಲ್ಲಿ ಪಾಠ ಹೇಳಿಸಿಕೊಂಡವನು, ಹಳ್ಳಿಗನ ಮಾತೆಂದರೆ ಬಿಡತಕ್ಕ ಮಾತೆಂಬುದನ್ನು ಬಾಲ್ಯದಲ್ಲಿಯೇ ಕಲಿತಿರುತ್ತಾನೆ. ಅತ್ತ, ನಗರದಲ್ಲಿ ಇರತಕ್ಕವನೆಂಬಷ್ಟೇ ಅರ್ಥವಿದ್ದ ‘ನಾಗರಿಕ’ ಶಬ್ದವು ಸಭ್ಯನೆಂಬ ಅರ್ಥವನ್ನು ಪಡೆದು, ‘ನಾಗರಿಕತೆ’ಯೆಂದರೆ ಮನುಷ್ಯನ ಸಮಸ್ತ ಸಾಧನೆಯೆಂಬಂತಾಯಿತು. ಕನ್ನಡದಲ್ಲಿಯಾದರೋ ಮೊದಲಿನಿಂದಲೂ ಬೇರೊಂದು ಮತವುಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿ ಗೋದಾವರಿಗಳ ನಡುವಣ ನಾಡಿನ ಜನರನ್ನು ವರ್ಣಿಸುವಾಗ, ಅವರು ಗ್ರಂಥಾಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗವನ್ನು ಬಲ್ಲವರೆಂದು ಹೇಳಿದೆ. ಆ ಮತವನ್ನು ವಿದ್ಯಾವಂತರು ಸಭೆಗಳಲ್ಲಿ ಹೆಮ್ಮೆಯಿಂದ ಉದಾಹರಿಸುತ್ತಾರೆ. ಬಾಳಿನಲ್ಲಿ ಮಾತ್ರ ಆಲಂಕಾರಿಕರ ಪಟ್ಟಿಯನ್ನೇ ಅನುಸರಿಸುತ್ತಾರೆ. ಹಿಂದೆ ಹಳ್ಳಿಯನ್ನು ಹಳಿದವನೂ ಈಗ ಹೊಗಳುವವನೂ ಒಂದೇ ಸ್ಥಳದಲ್ಲಿ ಕುಳಿತಿದ್ದಾರೆ. ಇಬ್ಬರೂ ದೂರದಿಂದ ನೋಡುವವರೇ.

ದೂರದಿಂದ ನೋಡಿ ಸುಖಿಸುವ ಈ ರೀತಿಯು ಹೊಸದಲ್ಲ. ವಾತ್ಸ್ಯಾಯನನು ತನ್ನ ಶಾಸ್ತ್ರದ ಮೊದಲಲ್ಲಿ ನಗರದ ರಸಿಕನ ದಿನಚರ್ಯೆಯನ್ನು ಹೇಳುವಾಗ ‘ಉದ್ಯಾನಯಾತ್ರೆ’ಯೆಂಬುದೊಂದನ್ನು ವಿವರಿಸಿದ್ದಾನೆ. ರಸಿಕರು ಬೆಳಗಿನ ಹೊತ್ತು ಅಲಂಕರಿಸಿಕೊಂಡು ಕುದುರೆಗಳನ್ನೇರಿ, ಪರಿಚಾರಕರೊಡನೆ ಊರ ಹೊರಗಿನ ತೋಟಕ್ಕೆ ಹೋಗಬೇಕು. ಕೋಳಿಕಾಳಗ, ಜೂಜು, ನಾಟಕಗಳಲ್ಲಿ ಹೊತ್ತು ಕಳೆಯಬೇಕು. ಅಪರಾಹ್ಣದಲ್ಲಿ ಆ ತೋಟದ ವಿಹಾರದ ಗುರುತುಗಳನ್ನು ಧರಿಸಿಕೊಂಡು ಹಿಂದಿರುಗಬೇಕು. ಕುದುರೆಯ ಬದಲು ಕಾರು, ಹೂವಿನ ಗುರುತಿನ ಬದಲು ಛಾಯಾಚಿತ್ರ ಎಂದು ಓದಿಕೊಂಡರೆ, ಶನಿವಾರ ಹೊರಟು ಭಾನುವಾರ ಸಂಜೆ ಹಿಂದಿರುಗುವ ಇಂದಿನ ಗ್ರಾಮಪ್ರೇಮಿಯ ವರ್ಣನೆಗೆ ಇನ್ನೇನೂ ಸೇರಿಸಬೇಕಾಗಿಲ್ಲ.

ಕೌಟಿಲ್ಯನ ಮತವು ಇದಕ್ಕೆ ನೇರವಾಗಿ ವಿರುದ್ಧವಾದುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣವು ಜನಪದವನ್ನು ನೆಲೆಗೊಳಿಸುವ ವಿಧಾನದಿಂದಲೇ ಮೊದಲಾಗುತ್ತದೆ. ಗ್ರಾಮವೊಂದರಲ್ಲಿ ನೂರಕ್ಕೆ ಕಡಮೆಯಿಲ್ಲದೆ ಐನೂರಕ್ಕೆ ಮೀರದೆ ಮನೆತನಗಳಿರಬೇಕು. ಒಂದೆರಡು ಕ್ರೋಶಗಳ ಎಲ್ಲೆಯೊಳಗೆ ಇರುವ ಗ್ರಾಮಗಳು ಒಂದನ್ನೊಂದು ಕಾಯುವಂತಿರಬೇಕು. ಅಷ್ಟೇ ಅಲ್ಲ, ವಿಹಾರಕ್ಕಾಗಿ ತೋಟಗಳನ್ನೂ ಶಾಲೆಗಳನ್ನೂ ಅಲ್ಲಿ ಕಟ್ಟಕೂಡದು. ನಟರು ಗಾಯಕರು ಬಂದು ಕೆಲಸಕ್ಕೆ ಅಡ್ಡಿಮಾಡಕೂಡದು. ಏಕೆಂದರೆ ಹಳ್ಳಿಯವರಿಗೆ ಹೊಲವೊಂದೇ ಆಶ್ರಯ. ವಾತ್ಸ್ಯಾಯನನಿಗೆ ಊರ ಹೊರಗಿನ ನೆಲವು ನಗರದವನ ಸುಖಕ್ಕಿರುವ ವಸ್ತು. ಕೌಟಿಲ್ಯನಿಗೆ ಅದು ದುಡಿಯುವವರ ನೆಲೆ. ಇಂದಿನ ಸುಶಿಕ್ಷಿತರು ಈ ಇಬ್ಬರಲ್ಲಿ ಯಾರ ಶಿಷ್ಯರೆಂಬುದನ್ನು ನಿರ್ಣಯಿಸಬೇಕಾದರೆ ನಂದಿಬೆಟ್ಟದ ತಪ್ಪಲಿಗೆ ಹೋಗಿ ನೋಡಿದರೆ ಸಾಕು.

ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನನಿಲ್ದಾಣವು ತೆರೆದ ತರುವಾಯ ಬೆಂಗಳೂರಿನ ಬಡಗಣ ಮೂಡಣ ದಿಕ್ಕುಗಳ ಹೊಲಗಳಿಗೆ ಬೆಲೆ ಏರಿತು. ಕೃಷಿಕನಲ್ಲದವನು ಕೃಷಿಭೂಮಿಯನ್ನು ಕೊಳ್ಳಕೂಡದೆಂದು 1961ರ ಕರ್ನಾಟಕ ಭೂಸುಧಾರಣಾ ಶಾಸನದಲ್ಲಿ ಸೇರಿದ್ದ ನಿರ್ಬಂಧಗಳು, ಅಂದರೆ 79ಎ, 79ಬಿ ಮೊದಲಾದ ಪ್ರಕರಣಗಳು, 2020ರ ತಿದ್ದುಪಡಿಯಿಂದ ತೊಲಗಿದುವು. ವಿದ್ಯಾವಂತ ಯುವಕರು ಬೇಸಾಯಕ್ಕೆ ಬರಲು ದಾರಿಯಾಗಲೆಂದು ಆ ತಿದ್ದುಪಡಿಯ ಪಕ್ಷದವರು ವಾದಿಸಿದರು. ಉದ್ದೇಶವು ಒಳ್ಳೆಯದೇ. ಹಾಗೆ ಬಂದು ನೆಲೆನಿಂತು ಮಣ್ಣಿನಲ್ಲಿ ಕೈಯಿಟ್ಟವರು ಇಲ್ಲವೆಂದು ಯಾರೂ ಹೇಳರು, ಅವರು ಗೌರವಾರ್ಹರು. ಆದರೆ ಬಾಗಿಲು ತೆರೆದಾಗ ಒಳಗೆ ಬಂದವರಲ್ಲಿ ಉಳುವವರು ಎಷ್ಟು, ಬೇಲಿ ಹಾಕಿದವರು ಎಷ್ಟು ಎಂಬುದನ್ನು ರಸ್ತೆಯ ಎರಡು ಮಗ್ಗುಲುಗಳೇ ಹೇಳುತ್ತವೆ. ಉಳುವವನೇ ಹೊಲದೊಡೆಯನೆಂದು 1974ರಲ್ಲಿ ಗೇಣಿದಾರನ ಕೈಗೆ ಬಂದ ನೆಲವು, ಆತನ ಮೊಮ್ಮಗನ ಕಾಲದಲ್ಲಿ ವಾರಕ್ಕೊಮ್ಮೆ ಬರುವ ಒಡೆಯನದಾಗಿ, ಆ ಮೊಮ್ಮಗನು ಅದೇ ನೆಲದಲ್ಲಿ ಕಾವಲುಗಾರನಾಗಿ ನಿಲ್ಲುವುದಾದರೆ, ಇದನ್ನು ಗ್ರಾಮಪ್ರೇಮವೆಂದು ಕರೆಯುವುದು ಹೇಗೆ?

ಬೇಲಿಯಿಂದ ಆಗುವ ಕೇಡು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಅಲ್ಲಿನ ಬದುಕೆಲ್ಲವೂ ಕೆರೆಗಳಿಂದ ಬಂದುದು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಇಳಿಯುವಂತೆ ಹಿಂದಿನವರು ಸಾಲುಸಾಲಾಗಿ ಕಟ್ಟಿದರು. ತೂಬನ್ನು ಎತ್ತಿ ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುವ ಕೆಲಸಕ್ಕೆ ನೀರಗಂಟಿಯೆಂಬ ಆಯಗಾರನಿದ್ದನು. ಕಾಲುವೆಯ ಹೂಳನ್ನು ಊರವರು ಕೂಡಿ ತೆಗೆಯುತ್ತಿದ್ದರು. ಈಗ ಮೇಲ್ಗಡೆಯ ಹೊಲವನ್ನು ಕೊಂಡವನು ತನ್ನ ಎಲ್ಲೆಯೊಳಗೆ ಹಾದುಬರುವ ಹಳ್ಳವನ್ನು ಸಮಮಾಡಿ ಹುಲ್ಲುಹಾಸನ್ನು ಬೆಳಸಿದರೆ, ಕೆಳಗಿನ ಕೆರೆಗೆ ನೀರು ಬರುವುದು ನಿಲ್ಲುತ್ತದೆ. ಆತನು ಯಾರಿಗೂ ಕೇಡು ಬಯಸಿದವನಲ್ಲ. ತನ್ನ ತೋಟದಲ್ಲಿ ಹರಿಯುವ ತಗ್ಗು ಯಾರ ಗದ್ದೆಯದೆಂಬುದು ಅವನಿಗೆ ತಿಳಿಯದು, ಅಷ್ಟೇ. ಊರಿನಲ್ಲಿ ವಾಸವಾಗಿದ್ದರೆ ಮೊದಲನೆಯ ಮಳೆಯ ಮಾರನೆಯ ದಿನವೇ ನಾಲ್ಕು ಜನರು ಬಾಗಿಲಿಗೆ ಬಂದು ತಿಳಿಸುತ್ತಿದ್ದರು. ಬಾಗಿಲಿಗೆ ಬೀಗವಿರುವಾಗ ತಿಳಿಸುವುದು ಯಾರಿಗೆ? ಕೆರೆ ಬತ್ತಿದ ಮೇಲೆ ಕೊಳವೆ ಬಾವಿಯನ್ನು ಸಾವಿರ ಅಡಿ ದಾಟಿ ಇಳಿಸಬೇಕಾಗುತ್ತದೆ. ಆ ಸ್ಪರ್ಧೆಯಲ್ಲಿ ಹಣವಿದ್ದವನ ಬಾವಿಗೆ ನೀರು, ಇಲ್ಲದವನ ಬಾವಿಗೆ ಸಾಲ.

ನಗರವು ಹಳ್ಳಿಯಿಂದ ಪಡೆದುದರ ಲೆಕ್ಕವು ಇದಕ್ಕಿಂತ ಹಳೆಯದು, ದೊಡ್ಡದು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿದಾಗ ಅದು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. ತಂತಿಯು ಹಾದುಹೋದ ಹಳ್ಳಿಗಳ ಮನೆಗಳಲ್ಲಿ ಆಗ ಉರಿಯುತ್ತಿದ್ದುದು ಎಣ್ಣೆಯ ದೀಪವೇ. ಮಳವಳ್ಳಿ ಸೀಮೆಯ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರ ಬಂದು, ಸುಮಾರು 500 ಮೀಟರು ಮೇಲೇರಿ ಬೆಂಗಳೂರಿನ ನಲ್ಲಿಗಳನ್ನು ಸೇರುತ್ತದೆ. ಈ ಯೋಜನೆಯ ಮೊದಲನೆಯ ಹಂತವು 1974ರಲ್ಲಿ ಮುಗಿಯಿತು. ದಿನಕ್ಕೆ 77 ಕೋಟಿ 50 ಲಕ್ಷ ಲೀಟರಿನ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಇಷ್ಟು ನೀರನ್ನು ಬಳಸಿದ ನಗರವು ಹಿಂದಿರುಗಿಸಿದುದೇನು? ಅದರ ಕೊಳಚೆಯನ್ನು ಹೊತ್ತ ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದು, 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹತ್ತಿದುದನ್ನು ಲೋಕವೇ ನೋಡಿತು. 2018ರಲ್ಲಿ ಕೋಲಾರದ ಬತ್ತಿದ ಕೆರೆಗಳಿಗೆ ಹರಿದುಬಂದುದು, ಎರಡನೆಯ ಹಂತದವರೆಗೆ ಮಾತ್ರ ಶುದ್ಧಿಮಾಡಿದ ಆ ನಗರದ ಬಳಸಿದ ನೀರು. ಬರಗಾಲದ ನಾಡು ಅದನ್ನೂ ಸ್ವೀಕರಿಸಿತು. ಕೊಟ್ಟವನಿಗೆ ತಾನು ಉಪಕಾರಮಾಡಿದೆನೆಂಬ ಭಾವ. ಪಡೆದವನಿಗೆ ಬೇರೆ ಗತಿಯಿಲ್ಲ. ಹೀಗಿರಲು, ಬೆಳಕು, ನೀರು, ಹಾಲು, ದುಡಿಯುವ ಮಕ್ಕಳು ಎಲ್ಲವನ್ನೂ ಪಡೆದ ಮೇಲೆ ಹಳ್ಳಿಯಲ್ಲಿ ಉಳಿದಿರುವ ನಿಶ್ಶಬ್ದವೊಂದನ್ನೂ ಕೊಂಡುಕೊಳ್ಳುವೆನೆಂದು ಹೊರಡುವುದು ಯಾವ ನ್ಯಾಯ?

ನಗರದಿಂದ ಓಡಿಹೋದುದರಿಂದ ನಗರವು ತಪ್ಪುವುದಿಲ್ಲವೆಂಬುದಕ್ಕೂ ಇತಿಹಾಸವೇ ಸಾಕ್ಷಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಿನಿಂದ ಹೊರಟ ಜನರು ಗಾಳಿಬೆಳಕುಗಳಿದ್ದ ಹೊರಮೈದಾನಗಳನ್ನು ಸೇರಿದರು; ಆ ತರುವಾಯ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುವು. ಅಂದಿನ ಆ ‘ಹೊರಗು’ ಇಂದು ನಗರದ ಹೃದಯವಾಗಿದೆ. ಓಡುವವನು ತನ್ನ ನೆರಳನ್ನು ಬಿಟ್ಟು ಓಡಲಾರನು. ನಗರದ ಅಭ್ಯಾಸಗಳನ್ನು ಬಿಡದೆ ಹಳ್ಳಿಗೆ ಹೋದವನು ಹಳ್ಳಿಯಲ್ಲಿ ಒಂದು ಬಡಾವಣೆಯನ್ನೇ ಕಟ್ಟುತ್ತಾನೆ.

ಇನ್ನು ಎರಡನೆಯ ಪೂರ್ವಪಕ್ಷ. ಹಳ್ಳಿಯಲ್ಲಿ ಹೊಗಳತಕ್ಕ ವಸ್ತುವೇ ಇಲ್ಲ, ಬಿಟ್ಟುಬಂದವರು ಬದುಕಿದರು ಎಂದು ಹೇಳುವವರೂ ಉಂಟು. ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಡಾಕ್ಟರ್ ಅಂಬೇಡ್ಕರರು. 1948ರ ನವೆಂಬರ್ 4ರಂದು ರಾಜ್ಯಾಂಗಸಭೆಯಲ್ಲಿ ಕರಡನ್ನು ಮಂಡಿಸುತ್ತ, ಹಳ್ಳಿಯೆಂಬುದು ಸಂಕುಚಿತ ಬುದ್ಧಿ, ಅಜ್ಞಾನ, ಮತೀಯ ಭೇದಗಳ ನೆಲೆಯೆಂದು ಅವರು ಖಂಡಿಸಿದರು. ಗಾಂಧಿಯವರು 1936ರಲ್ಲಿ ವಾರ್ಧಾದ ಬಳಿಯ ಹಳ್ಳಿಯಲ್ಲಿ ನೆಲೆಸಿ ಗ್ರಾಮವೇ ದೇಶದ ಜೀವವೆಂದು ಸಾರಿದ ಬಳಿಕವೂ ಈ ಖಂಡನೆ ಬಂದಿತು. ಅಗ್ರಹಾರದ ಜಗಲಿಯಲ್ಲಿ ಕುಳಿತು ಹಳ್ಳಿಯನ್ನು ಕಂಡವನ ನೆನಪಿನಲ್ಲಿ ಬಾವಿಯ ನೀರು ಸಿಹಿಯಾಗಿರುತ್ತದೆ. ಅದೇ ಬಾವಿಯ ಹಗ್ಗವನ್ನು ಮುಟ್ಟಗೊಡದವರ ನಡುವೆ ಹುಟ್ಟಿದವನ ನೆನಪಿನಲ್ಲಿ ಆ ನೀರಿಗೆ ರುಚಿಯೆಂಬುದೇ ಇಲ್ಲ. ಹತ್ತು ಊರುಗಳಿಗೆ ನೀರು ಹಂಚಿದ ನೀರಗಂಟಿಯೇ ಎಷ್ಟೋ ಕಡೆ ಆ ನೀರನ್ನು ಮೇಲಿನವರ ಬಾವಿಯಿಂದ ಸೇದಲಾಗದವನಾಗಿದ್ದನು. ಅಂಥವನ ಮಕ್ಕಳು ನಗರದ ಜನಜಂಗುಳಿಯಲ್ಲಿ ಯಾರೂ ಕುಲ ಕೇಳದೆ ಅನ್ನ ಕೊಡುವುದನ್ನು ಕಂಡು ನಿಟ್ಟುಸಿರು ಬಿಟ್ಟರೆ ಅದು ತಪ್ಪೆ? ಹಳ್ಳಿಯನ್ನು ಹೊಗಳುವ ಸುಶಿಕ್ಷಿತನು ಈ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು.

ಇದಕ್ಕೆ ಸಮಾಧಾನವು ಅಂಬೇಡ್ಕರರ ಮಾತನ್ನು ಅಲ್ಲಗಳೆಯುವುದರಲ್ಲಿಲ್ಲ. ಅದನ್ನು ಪೂರ್ತಿಯಾಗಿ ಒಪ್ಪಿಕೊಂಡು ಮುಂದಿನ ಮಾತನ್ನು ಕೇಳಬೇಕು. 2011ರ ಜನಗಣತಿಯಂತೆ ಕರ್ನಾಟಕದ 6 ಕೋಟಿ 11 ಲಕ್ಷ ಜನರಲ್ಲಿ ನೂರಕ್ಕೆ 61ಕ್ಕೂ ಹೆಚ್ಚು ಮಂದಿ ಹಳ್ಳಿಗಳಲ್ಲಿಯೇ ಇದ್ದರು. ಇಷ್ಟು ಜನರು ಇರುವ ಸ್ಥಳವು ಕೆಟ್ಟದ್ದೆಂದಾದರೆ ಅದನ್ನು ತೊರೆಯುವುದು ಪರಿಹಾರವೋ, ತಿದ್ದುವುದು ಪರಿಹಾರವೋ? ಹಳ್ಳಿಯು ಸಂಕುಚಿತವಾಗಿ ಉಳಿದುದಕ್ಕೆ ಒಂದು ಕಾರಣವೇನೆಂದರೆ, ಅಕ್ಷರವಿದ್ದವರೇ ಅದನ್ನು ಮೊದಲು ಬಿಟ್ಟರು. ಹಳೆಯ ಮೈಸೂರಿನ ಅಗ್ರಹಾರಗಳು ಬರಿದಾದುದು ಕ್ಷಾಮದಿಂದಲ್ಲ, ಉದ್ಯೋಗದಿಂದ. ಇಂಗ್ಲಿಷ್ ಶಾಲೆಯ ದಾರಿ ತೆರೆದೊಡನೆ ಶಾಸ್ತ್ರ ಓದಿದವರ ಮಕ್ಕಳು ಗುಮಾಸ್ತರಾಗಿ, ವಕೀಲರಾಗಿ, ಉಪಾಧ್ಯಾಯರಾಗಿ ಪೇಟೆ ಸೇರಿದರು. ನೆಲದ ಗೇಣಿ ಮಾತ್ರ ಪೇಟೆಗೆ ಬರುತ್ತಿತ್ತು. ಅವರ ವಿದ್ಯೆಯು ಹಳ್ಳಿಗೆ ಹಿಂದಿರುಗಲಿಲ್ಲ. ಈ ಹಳೆಯ ಋಣವು ಇನ್ನೂ ತೀರಿಲ್ಲ.

ಹಾಗಾದರೆ ಹಳ್ಳಿಯ ನಿಜವಾದ ಆಕರ್ಷಣೆ ಯಾವುದು? ಶಾಂತಿಯೆಂದು ಹೇಳುವವನು ಹಳ್ಳಿಯನ್ನು ಬಲ್ಲವನಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ನಾಲ್ಕನೆಯ ಜ್ವರವೆದ್ದ ಹುಳುಗಳಿಗೆ ಹಗಲಿರುಳೂ ಹಿಪ್ಪುನೇರಳೆ ಸೊಪ್ಪನ್ನು ಹಾಕಬೇಕು. ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡುವಾಗ ಮನೆಯ ಮಕ್ಕಳೂ ನೆರೆಯವರೂ ಕೂಡಿದರೂ ಕೈ ಸಾಲದು. ಬೆಳಗೂ ಬೈಗೂ ಡೈರಿಯ ಮುಂದೆ ಹಾಲಿನ ಪಾತ್ರೆಗಳ ಸಾಲು ನಿಲ್ಲುತ್ತದೆ. ಹಬ್ಬವಾದರೂ ಸಾವಾದರೂ ಹಸುವನ್ನು ಕರೆಯಲೇ ಬೇಕು. ಇದನ್ನು ಶಾಂತಿಯೆನ್ನಲಾಗದು. ಆದರೆ ನಗರದಲ್ಲಿಲ್ಲದ ಒಂದು ಸಂಗತಿ ಇಲ್ಲಿದೆ. ಇಲ್ಲಿ ಮನುಷ್ಯನು ಲೆಕ್ಕಕ್ಕೆ ಬರುತ್ತಾನೆ. ಮೂರು ದಿನ ಬಾಗಿಲು ತೆರೆಯದಿದ್ದರೆ ಯಾರಾದರೂ ಬಂದು ತಟ್ಟುತ್ತಾರೆ. ಹಾಲಿಗೆ ನೀರು ಬೆರಸಿದವನ ಹೆಸರು ಮಧ್ಯಾಹ್ನದೊಳಗೆ ಅರಳಿಕಟ್ಟೆಗೆ ಮುಟ್ಟುತ್ತದೆ. ಮಾಡಿದ ಉಪಕಾರಕ್ಕೂ ಅಪಕಾರಕ್ಕೂ ಮುಖವಿದೆ, ಹೆಸರಿದೆ. ಲೆಕ್ಕಕ್ಕೆ ಬರುವವನು ಲೆಕ್ಕ ಕೊಡಬೇಕಾಗುತ್ತದೆ. ಇದೇ ಹಳ್ಳಿಯ ಕಟ್ಟು, ಇದೇ ಅದರ ಸೊಗಸು. ನಗರದ ಗ್ರಾಮಪ್ರೇಮಿಯು ಸೊಗಸನ್ನು ಬಯಸಿ ಕಟ್ಟನ್ನು ಒಲ್ಲೆನೆನ್ನುತ್ತಾನೆ. ಅವನಿಗೆ ದೊರೆಯುವುದು ಹುಲ್ಲು, ಗಾಳಿ, ಬೇಲಿ, ಹಳ್ಳಿಯಲ್ಲ.

2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭಯದಿಂದ ನಗರಗಳು ಬಾಗಿಲು ಹಾಕಿದಾಗ, ಮೂಟೆ ಹೊತ್ತು ನಡೆದು ಬಂದ ಕೂಲಿಗಾರರೂ ಕೆಲಸ ನಿಂತ ಯುವಕರೂ ಸೇರಿದುದು ಹಳ್ಳಿಯನ್ನೇ. ಕೆಲವು ಹಳ್ಳಿಗಳು ಹೆದರಿ ರಸ್ತೆಗೆ ಮುಳ್ಳು ಹಾಕಿದುದೂ ಸತ್ಯ. ಆದರೂ ಬಂದವರಿಗೆ ಮುದ್ದೆ ಬೇಯಿಸಿಟ್ಟವರು ಹಳ್ಳಿಯ ತಾಯಂದಿರೇ. ನಗರವು ಬಾಗಿಲು ತೆರೆದೊಡನೆ ಅವರಲ್ಲಿ ಬಹು ಮಂದಿ ಹಿಂದಿರುಗಿದರು. ಅವರನ್ನು ಆಕ್ಷೇಪಿಸಲಾಗದು, ಹೊಟ್ಟೆಯ ಪಾಡು ಎಲ್ಲಿಗೆ ಕರೆಯುತ್ತದೆಯೋ ಅಲ್ಲಿಗೆ ಹೋಗಬೇಕಾದವರು ಅವರು. ಈ ಲೇಖನದ ವಾದವು ಅಂಥವರ ಮೇಲಲ್ಲ. ಹೊಟ್ಟೆಯ ಪಾಡು ಮುಗಿದವರು, ತಿಂಗಳಿಗೆ ತಪ್ಪದೆ ಪಿಂಚಣಿ ಪಡೆಯುವವರು, ಎಲ್ಲಿ ವಾಸಿಸಬೇಕೆಂಬುದನ್ನು ತಾವೇ ನಿಶ್ಚಯಿಸಬಲ್ಲವರು ಇವರನ್ನು ಕುರಿತದ್ದು.

ಅಂಥವರು ಹೇಳುವ ಆಕ್ಷೇಪಗಳಲ್ಲಿ ಪ್ರಬಲವಾದುದು ವೈದ್ಯಸಹಾಯದ್ದು. ವಯಸ್ಸಾದವರು ಆಸ್ಪತ್ರೆಯಿಂದ ದೂರವಿರುವುದು ಹೇಗೆಂದು ಕೇಳುತ್ತಾರೆ. ಇದು ಪ್ರಾಮಾಣಿಕವಾದ ಪ್ರಶ್ನೆ, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಹಳ್ಳಿಯಲ್ಲಿಯೂ ವಯಸ್ಸಾದವರು ಇದ್ದಾರೆ. ಅವರಿಗೂ ಎದೆನೋವು ಬರುತ್ತದೆ. ಅರ್ಜಿ ಬರೆಯಬಲ್ಲವರು, ಅಧಿಕಾರಿಯ ಮುಂದೆ ನಿಂತು ಮಾತನಾಡಬಲ್ಲವರು ಇರುವ ಊರಿಗೆ ದಾದಿಯೂ ಬರುತ್ತಾಳೆ, ಬಸ್ಸೂ ಬರುತ್ತದೆ. ಅವರೆಲ್ಲರೂ ಬಿಟ್ಟುಹೋದ ಊರಿಗೆ ಬಂದಿದ್ದುದೂ ನಿಲ್ಲುತ್ತದೆ. ಹಳ್ಳಿಯಲ್ಲಿ ವೈದ್ಯರಿಲ್ಲವೆಂದು ವಿದ್ಯಾವಂತರು ಹೋಗುವುದಿಲ್ಲ. ವಿದ್ಯಾವಂತರಿಲ್ಲವೆಂದು ವೈದ್ಯರು ನಿಲ್ಲುವುದಿಲ್ಲ. ಈ ಅನ್ಯೋನ್ಯಾಶ್ರಯದೋಷವನ್ನು ಯಾರಾದರೂ ಒಂದು ಕಡೆಯಿಂದ ಬಿಡಿಸಲೇ ಬೇಕು. ಬಿಡಿಸಬಲ್ಲವರು ಬಿಡಿಸಿದ ಉದಾಹರಣೆಯೂ ಉಂಟು. 1983ರಲ್ಲಿ ಬಂದ ಸರ್ಕಾರದಲ್ಲಿ ಗ್ರಾಮಾಭಿವೃದ್ಧಿಯ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆ ಬಾವಿಯ ಕುಡಿಯುವ ನೀರನ್ನು ಮುಟ್ಟಿಸುವ ಪಟ್ಟುಹಿಡಿದು, ಜನರಿಂದ ‘ನೀರ್ ಸಾಬ್’ ಎಂಬ ಹೆಸರನ್ನು ಪಡೆದರು. ಹಳ್ಳಿಯವರು ಕೊಟ್ಟ ಆ ಬಿರುದಿಗೆ ಸಮನಾದ ಬಿರುದು ಯಾವ ಗ್ರಾಮಸ್ತುತಿಗೂ ದೊರೆತಿಲ್ಲ.

ವಾಸಕ್ಕೆಂದು ಹೋಗುವವನು ಮಾಡತಕ್ಕದ್ದು ಬಹಳವೇನೂ ಅಲ್ಲ. ನೆಲವನ್ನು ಕೊಂಡರೆ ಉಳುಮೆ ನಿಲ್ಲದಂತೆ ನೋಡಿಕೊಳ್ಳಬೇಕು. ಕೆರೆಗೆ ಹೋಗುವ ಹಳ್ಳಕ್ಕೂ ಗೋಮಾಳಕ್ಕೆ ಹೋಗುವ ದಾರಿಗೂ ಬೇಲಿ ಹಾಕಕೂಡದು. 1993ರ ಪಂಚಾಯತಿ ಶಾಸನದಂತೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಯಲ್ಲಿ ಹೋಗಿ ಕುಳಿತುಕೊಳ್ಳಬೇಕು. ಅಲ್ಲಿ ಓದುವ ಲೆಕ್ಕವನ್ನು ಕೇಳಬೇಕು. ಅಕ್ಷರ ಬಾರದವರಿಗೆ ಅದನ್ನು ಬಿಡಿಸಿ ಹೇಳಬೇಕು. ಮಕ್ಕಳು ಕಡಮೆಯಾದರೆಂದು ಮುಚ್ಚುವ ಸ್ಥಿತಿಗೆ ಬಂದ ಕನ್ನಡ ಶಾಲೆಯಲ್ಲಿ ದಿನಕ್ಕೆ ಒಂದು ಗಂಟೆ ಪಾಠ ಹೇಳಬೇಕು. ಪಾಠ ಹೇಳಲು ಹೊಸ ಕಟ್ಟಡವೇನೂ ಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಮನೆಯ ಜಗಲಿಯನ್ನೂ ನೀರಿನ ನಲ್ಲಿಯನ್ನೂ ಊರಿನ ಎಲ್ಲ ಕೇರಿಯವರಿಗೂ ಸಮವಾಗಿ ತೆರೆದಿಡಬೇಕು. ಇಷ್ಟನ್ನು ಮಾಡಲಾರದವನು ಹಳ್ಳಿಗೆ ಹೋದರೆ, ಅಂಬೇಡ್ಕರರು ಖಂಡಿಸಿದ ಹಳ್ಳಿಗೆ ಇನ್ನೊಂದು ಮನೆ ಸೇರಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ಶಿವರಾಮ ಕಾರಂತರು 1941ರಲ್ಲಿ ಪ್ರಕಟಿಸಿದ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಓದದ ಸುಶಿಕ್ಷಿತ ಕುಟುಂಬವು ಕನ್ನಡನಾಡಿನಲ್ಲಿ ವಿರಳ. ಕಡಲಕರೆಯ ಒಂದು ಮನೆತನದ ಮೂರು ತಲೆಮಾರುಗಳ ಕಥೆಯದು. ಮೂರನೆಯ ತಲೆಮಾರಿನ ರಾಮನು ಮದರಾಸಿನಲ್ಲಿ ಓದಿ, ನಗರಗಳ ಬದುಕನ್ನು ಕಂಡು, ಕೊನೆಗೆ ಹಿಂದಿರುಗುತ್ತಾನೆ. ಅವನು ಹಿಂದಿರುಗಿದುದು ಮಣ್ಣನ್ನು ನೋಡಲಿಕ್ಕಲ್ಲ, ಅದರಲ್ಲಿ ದುಡಿಯಲಿಕ್ಕೆ. ಗ್ರಂಥದ ಹೆಸರನ್ನು ಮೆಚ್ಚಿ ತೋಟದ ಮನೆಯ ಹೆಬ್ಬಾಗಿಲಿನ ಮೇಲೆ ಕೆತ್ತಿಸಿಕೊಳ್ಳುವವರು ಈ ಭೇದವನ್ನು ಒಮ್ಮೆ ಚಿಂತಿಸಬಹುದು.

ನಗರದಲ್ಲಿ ವಾಸಿಸುವುದು ಪಾಪವಲ್ಲ. ಅಲ್ಲಿಯೇ ಹುಟ್ಟಿ, ಅಲ್ಲಿಯ ಸಂತೆಯಲ್ಲಿಯೂ ಗ್ರಂಥಾಲಯದಲ್ಲಿಯೂ ಸುಖವನ್ನು ಕಂಡವನು ಅಲ್ಲಿಯೇ ಇರಲಿ. ಆ ನಗರದ ಕೆರೆ ಬೀದಿಗಳನ್ನು ಶುದ್ಧವಾಗಿಟ್ಟುಕೊಳ್ಳಲಿ. ಅದರಿಂದ ಹಳ್ಳಿಗೂ ಉಪಕಾರವೇ ಆಗುತ್ತದೆ. ಹಳ್ಳಿಗೆ ಹೋಗಬೇಕೆಂಬ ಆಸೆ ನಿಜವಾಗಿ ಇದ್ದವನು ಹೋಗಿ ನೆಲೆಸಲಿ. ಊರಿನವರು ಅವನನ್ನು ಮೊದಲೆರಡು ವರ್ಷ ಅನುಮಾನದಿಂದ ನೋಡಿದರೂ ಮೂರನೆಯ ವರ್ಷ ತಮ್ಮವನೆನ್ನುತ್ತಾರೆ. ಈ ಎರಡನ್ನೂ ಒಲ್ಲದವನು, ನಗರದಲ್ಲಿದ್ದುಕೊಂಡೇ ಹಳ್ಳಿಯನ್ನು ಹೊಗಳುತ್ತಿರಲಿ. ಅದನ್ನು ಯಾರೂ ತಡೆಯಲಾರರು. ಅಂಥವನು ಹಳ್ಳಿಯ ನೆಲವನ್ನು ಮಾತ್ರ ಉಳುವವರಿಗೆ ಬಿಟ್ಟಿರಲಿ.